ಹುಲುಗಮ್ಮ ಮುಟ್ಟದ ಚಿತ್ರ

ಹಗರಿಬೊಮ್ಮನಹಳ್ಳಿಯ ನಮ್ಮ ತರಬೇತಿ ಕೇಂದ್ರದ ಬೋರ್ಡನ್ನು ಒಂದೇ ಉಸಿರಿಗೆ ಓದಿದವರನ್ನು ನಾನಿನ್ನೂ ನೋಡಿಲ್ಲ. ‘ಮಲ್ಟಿಮೀಡಿಯಾ ಆನಿಮೇಷನ್ ಮತ್ತು ಇಂಟರ್‌ಆಕ್ಟಿವ್ ವೆಬ್ ಅಪ್ಲಿಕೇಷನ್ ಸಾಫ್ಟ್‌ವೇರ್ ತರಬೇತಿ’ ಎಂದು ಬರೆಸಿದ ಪುಣ್ಯಾತ್ಮರು ಯಾರೋ, ಅವರೇನು ದಿನಾ ಹೇಳಬೇಕಿರಲಿಲ್ಲ. ಕೂಡ್ಲಿಗಿಯಿಂದ, ಹಡಗಲಿಯಿಂದ, ಹರಪನಹಳ್ಳಿಯಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು ಅದನ್ನು ಕತ್ತರಿಸಿ ‘ಗೊಂಬಿ ಕೋರ್ಸು’ ಮಾಡಿಕೊಂಡಿದ್ದಾರೆ. ಈಗ ಕಂಡಕ್ಟರುಗಳೂ ‘ಗೊಂಬಿ ಕೋರ್ಸಿನವ್ರು ಇಳೀರಿ’ ಎನ್ನುತ್ತಾರೆ.

ಅಲ್ಲಿ ಕಲಿಸುವವನು ನಾನು, ಗುರುಮೂರ್ತಿ, ಊರು ಕೊಟ್ಟೂರು. ಈ ಕೆಲಸಕ್ಕೆ ಬರುವ ಮೊದಲು ಮದುವೆ ವಿಡಿಯೋಗಳ ಮಿಕ್ಸಿಂಗ್ ಮಾಡುತ್ತಿದ್ದೆ. ವಧುವಿನ ತಲೆಯ ಸುತ್ತ ಗುಲಾಬಿ ಹಾರಿಸಿ, ವರನನ್ನು ತಾವರೆಯೊಳಗೆ ಕೂರಿಸಿ ಹೊಟ್ಟೆ ಹೊರೆದವನು. ಮಂದಿಯನ್ನು ಬೆರಗಾಗಿಸುವುದೇ ಕಸುಬಾದವನಿಗೆ ತಾನು ಬೆರಗಾಗುವುದು ಅಷ್ಟು ಸುಲಭವಲ್ಲ. ಮೇಲಾಗಿ ನನ್ನದು ಸ್ವಲ್ಪ ಸಿಡುಕು ಸ್ವಭಾವ. ಅಂಥ ನನ್ನನ್ನು ಹಂಪಸಾಗರದ ಹುಲುಗಮ್ಮ ಬಾಯಿ ಬಿಡದೆ ಬೆರಗುಗೊಳಿಸಿದಳು. ಆ ಬೆರಗು ಇನ್ನೂ ಇಳಿದಿಲ್ಲ.

ಬಾಯಿ ಬಿಡದೆ ಎಂದೆನಲ್ಲ, ಅದೇ ದೊಡ್ಡ ಮಾತು. ಯಾಕೆಂದರೆ ಮೊದಲ ಸಲ ನಾನು ಹುಲುಗಮ್ಮನನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಮಗಳು ಕ್ರಾಂತಿಯನ್ನು ಕೋರ್ಸಿಗೆ ಸೇರಿಸಲು ಬಂದಿದ್ದಳು. ಇನ್ನೂ ಮೆಟ್ಟಿಲ ಹತ್ತಿರ ಇರುವಾಗಲೇ ಮಾತು ಒಳಗೆ ಬಂದಿತ್ತು, ಮನುಷ್ಯಳು ಆಮೇಲೆ ಬಂದಳು. ಹುಟ್ಟಿದ್ದು ಹರಪನಹಳ್ಳಿ ಕಡೆಯ ನೀಲಗುಂದದಲ್ಲಿ, ಸೊಸೆಯಾಗಿ ಬಂದದ್ದು ಹಂಪಸಾಗರಕ್ಕೆ. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಹುಲುಗಮ್ಮನ ಬಾಯಲ್ಲಿ ಇಡೀ ಓಣಿಯೇ ಬದುಕಬಹುದಿತ್ತು.

‘ಸರ್, ನಮ್ಮ ಹುಡುಗಿ ಗೋಡಿ ಮ್ಯಾಲ, ಬಾಗಿಲ ಮ್ಯಾಲ, ನನ್ನ ಹಿಟ್ಟಿನ ಡಬ್ಬಿ ಮ್ಯಾಲ ಚಿತ್ರ ಬರೀತಾಳ. ನಿಮ್ಮ ಕಂಪ್ಯೂಟರ್‌ನ್ಯಾಗ ಬರಸ್ರಿ. ನನ್ನ ಗೋಡಿನಾರ ಉಳೀತಾವ,’ ಎಂದಳು. ‘ನಮ್ಮನ್ಯಾಗ ಎಲ್ಲಾರೂ ಬ್ಯಾಡ ಅಂತಾರ. ಬ್ಯಾಡ ಅನ್ನೋರು ಅಂತಿರ್ಲಿ, ನೀವು ಹೆಸರು ಬರಕೊಳ್ರಿ.’

ಎಲ್ಲರೂ ಎಂದರೆ ಮುಖ್ಯವಾಗಿ ಮಂಜಮ್ಮ, ಹುಲುಗಮ್ಮನ ಗಂಡನ ಅಕ್ಕ. ಹುಡುಗಿ ಟೀಚರ್ ಟ್ರೇನಿಂಗ್ ಮಾಡಲಿ, ಇಲ್ಲವೇ ಮದುವೆಯಾಗಲಿ, ಗೊಂಬೆ ಬರೆದು ಯಾರು ಉದ್ಧಾರವಾಗಿದ್ದಾರೆ ಎನ್ನುವುದು ಅವಳ ವಾದ. ಗಂಡ ಭೀಮರಾಜ ಪಂಚಾಯಿತಿಯಲ್ಲಿ ನೀರು ಬಿಡುವವನು. ಹರೆಯದಲ್ಲಿ ಸಂಘಟನೆಯಲ್ಲಿ ಓಡಾಡಿ ಗಂಟಲು ಹರಿಯುವಷ್ಟು ಘೋಷಣೆ ಕೂಗಿದವನು, ಮನೆಯ ಗೋಡೆಯ ಮೇಲೆ ಬುದ್ಧನನ್ನು ತೂಗುಹಾಕಿ ಮಗಳಿಗೆ ಕ್ರಾಂತಿ ಎಂದು ಹೆಸರಿಟ್ಟವನು. ಬೆಳಗ್ಗೆ ನಸುಕಿಗೊಮ್ಮೆ, ಸಂಜೆಗೊಮ್ಮೆ ವಾಲ್ವು ತಿರುಗಿಸಿದರೆ ಅವನ ಕೆಲಸ ಮುಗಿಯಿತು. ನಡುವಿನ ಹೊತ್ತೆಲ್ಲ ಪಂಚಾಯಿತಿ ಕಟ್ಟೆಯ ಮೇಲೆ ಕೂತು ದೇಶ ಆಳುತ್ತಾನೆ ಎಂದು ಹುಲುಗಮ್ಮನೇ ನನಗೆ ಹೇಳಿದ್ದಳು.

ಕ್ರಾಂತಿ ತಾಯಿಗೆ ಪೂರಾ ಉಲ್ಟಾ. ಕೇಳಿದ್ದಕ್ಕೆ ಹ್ಞೂಂ, ಕೇಳದಿದ್ದಕ್ಕೆ ಅದೂ ಇಲ್ಲ. ಆನಿಮೇಷನ್ನಿನ ಗುಟ್ಟು ಇಷ್ಟೇ: ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಬೇರೆಯಾದ ಚಿತ್ರಗಳನ್ನು ಬರೆದು ಬೇಗ ಬೇಗ ತೋರಿಸಿದರೆ ಕಣ್ಣು ಮೋಸಹೋಗುತ್ತದೆ, ನಿಂತದ್ದು ನಡೆಯುತ್ತದೆ. ಎಲ್ಲರೂ ಚೆಂಡು ಪುಟಿಸುವುದನ್ನು ಕಲಿಯುತ್ತಿದ್ದಾಗ ಕ್ರಾಂತಿ ತನ್ನ ಅಪ್ಪನನ್ನು ಬರೆದಳು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ, ಎಡಗಾಲು ಊರುವಾಗ ಸ್ವಲ್ಪ ತಗ್ಗುವ ಭುಜ. ಬಟನ್ ಒತ್ತಿದಳು. ಭೀಮರಾಜ ಪರದೆಯ ಈ ಕಡೆಯಿಂದ ಆ ಕಡೆಗೆ ನಡೆದುಹೋದ. ಕ್ಲಾಸಿನವರೆಲ್ಲ ತಮ್ಮ ಚೆಂಡು ಬಿಟ್ಟು ಅವಳ ಹಿಂದೆ ಬಂದು ನಿಂತರು. ನಾನು ಇದುವರೆಗೆ ಹಾರಿಸಿದ ಗುಲಾಬಿಗಳನ್ನೆಲ್ಲ ನೆನೆದು ನನಗೇ ನಗು ಬಂತು.

ಕೋರ್ಸು ಅರ್ಧಕ್ಕೆ ಬಂದಾಗ ಹುಲುಗಮ್ಮನಿಗೆ ಲಕ್ವ ಹೊಡೆಯಿತು.

ಶಾಲೆಯ ಅಡುಗೆ ಕೋಣೆಯಲ್ಲಿ ಸಾರಿಗೆ ಸೌಟು ಹಾಕಿ ತಿರುವುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳಂತೆ. ಬಲಗೈ ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಏನು ಹೇಳಹೊರಟರೂ ‘ತತ್ತ, ತತ್ತ’ ಎಂಬುದೊಂದೇ ಬಾಯಿಂದ ಬರುತ್ತಿತ್ತು. ಹೌದೋ ಅಲ್ಲವೋ ತಲೆಯಾಡಿಸು ಎಂದರೆ ಎರಡಕ್ಕೂ ಒಂದೇ ತರ ಆಡಿಸುತ್ತಿದ್ದಳು. ಬಳ್ಳಾರಿಯ ಡಾಕ್ಟರು, ಮಾತು ಹೋಗಿದೆ, ತಿಳಿವಳಿಕೆ ಎಷ್ಟು ಉಳಿದಿದೆ ಎಂದು ಈಗಲೇ ಹೇಳುವುದು ಕಷ್ಟ, ಕಾದು ನೋಡಿ ಎಂದರು. ಕಾಯುವವರಿಗೆ ಬೇಗ ಆಸೆ ಹೋಗುತ್ತದೆ. ಒಂದೆರಡು ತಿಂಗಳಲ್ಲಿ ಮನೆಯವರೆಲ್ಲ, ಹುಲುಗಮ್ಮನಿಗೆ ಏನೂ ತಿಳಿಯುವುದಿಲ್ಲ ಎಂದು ನಂಬಿಬಿಟ್ಟರು. ಕ್ರಾಂತಿಯೊಬ್ಬಳು ನಂಬಲಿಲ್ಲ.

ಮಂಜಮ್ಮನನ್ನು ನಾನು ಬೈಯುವುದಿಲ್ಲ. ತನ್ನ ಮನೆ ಬಿಟ್ಟು ಬಂದು ತಮ್ಮನ ಹೆಂಡತಿಯ ಮೈ ಒರೆಸಿ, ಗಂಜಿ ಕುಡಿಸಿ, ಸೀರೆ ಉಡಿಸಿದವಳು ಅವಳೇ. ಆದರೆ ಅವಳ ಹೊಲದಲ್ಲಿ ಶೇಂಗಾ ಕೀಳುವ ಕಾಲ ಹತ್ತಿರ ಬರುತ್ತಿತ್ತು, ಹೋಗಲೇಬೇಕಿತ್ತು. ಹುಲುಗಮ್ಮನ ಮಂಚದ ಪಕ್ಕದಲ್ಲೇ ಕೂತು ತಮ್ಮನಿಗೆ ಹೇಳಿದಳಂತೆ: ‘ಲೇ ಭೀಮಾ, ಆಕಿಗಿ ಹಗಲೂ ಒಂದ ರಾತ್ರೀನೂ ಒಂದ. ಎದುರಿಗಿ ಕುಂತೋರು ಯಾರಂತ ತಿಳಿಯಂಗಿಲ್ಲ. ಆ ಹುಡುಗಿ ಗೊಂಬಿ ಬರದದ್ದು ಸಾಕು, ಬಿಡಿಸಿ ಮನ್ಯಾಗ ಕುಂದ್ರಸು.’ ಬೆಕ್ಕಿನ ಮುಂದೆ ಮಾತಾಡಿದ ಹಾಗೆ ಮನೆಯವರೆಲ್ಲ ಹುಲುಗಮ್ಮನ ಮುಂದೆ ಮಾತಾಡುತ್ತಿದ್ದರು. ಭೀಮರಾಜ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲೂ ಇಲ್ಲ.

ಕೋರ್ಸಿನ ಕೊನೆಗೆ ಒಬ್ಬೊಬ್ಬರೂ ಒಂದು ವೆಬ್ ಪುಟ ಮಾಡಿ ತೋರಿಸಬೇಕು. ಸುಮ್ಮನೆ ನೋಡುವ ಪುಟವಲ್ಲ, ಮುಟ್ಟಿದರೆ ಉತ್ತರ ಕೊಡುವ ಪುಟ. ಸೀರೆ ಅಂಗಡಿಯದು ಮಾಡು, ಸುಲಭ ಆಗುತ್ತದೆ ಎಂದು ಕ್ರಾಂತಿಗೆ ಹೇಳಿದೆ.

‘ಇಲ್ಲ ಸರ್. ನಮ್ಮವ್ವಗ ಒಂದು ಬಾಯಿ ಮಾಡ್ತೀನಿ,’ ಎಂದಳು.

‘ಬಾಯಿಗೆ ಮಾರ್ಕ್ಸ್ ಕೊಡೋ ಕಾಲಂ ನನ್ನತ್ರ ಇಲ್ಲವ್ವಾ,’ ಎಂದು ಸಿಡುಕಿದೆ. ಅವಳಾಗಲೇ ಕಂಪ್ಯೂಟರಿನ ಕಡೆ ತಿರುಗಿದ್ದಳು.

ಪುಟ ನೋಡಲು ಸರಳ. ದೊಡ್ಡ ದೊಡ್ಡ ಚಿತ್ರಗಳು, ಒಂದೊಂದಕ್ಕೂ ಜೀವ ಇತ್ತು. ಕೊಡವನ್ನು ಮುಟ್ಟಿದರೆ ಅದು ಬಾಗಿ ನೀರು ಸುರಿಯುತ್ತಿತ್ತು, ಧ್ವನಿ ‘ನೀರು ಬೇಕು’ ಎನ್ನುತ್ತಿತ್ತು. ರೊಟ್ಟಿ ಉಬ್ಬುತ್ತಿತ್ತು. ನೋವಿಗೆ ಒಂದು ಮುಖ ಹಿಂಡಿಕೊಳ್ಳುತ್ತಿತ್ತು. ಅಲ್ಲಾಡುವ ಅಂಗೈಯನ್ನು ಮುಟ್ಟಿದರೆ ‘ಬ್ಯಾಡ’. ಕೊನೆಯದು ಭೀಮರಾಜ, ಮುಟ್ಟಿದರೆ ಕೀಲಿ ಹಿಡಿದು ನಡೆದು ಬರುತ್ತಿದ್ದ. ಮೊದಲು ಕಂಪ್ಯೂಟರಿನ ಸಿದ್ಧ ಧ್ವನಿ ಹಾಕಿದ್ದಳು. ಅದನ್ನು ಫೋನಿನಲ್ಲಿ ಕೇಳಿ ಭೀಮರಾಜ, ‘ವಾರ್ತಿ ಓದಾಕಿ ಯಾಕ ನಮ್ಮ ಮನ್ಯಾಗ ನೀರು ಕೇಳ್ತಾಳ?’ ಎಂದನಂತೆ. ಆಮೇಲೆ ತನ್ನದೇ ಧ್ವನಿ ಹಾಕಿದಳು. ಮಾತು ಕಡಿಮೆ ಆಡುತ್ತಿದ್ದರಿಂದ ನಮಗೆ ಗೊತ್ತಿರಲಿಲ್ಲ, ಆ ಹುಡುಗಿಯ ಧ್ವನಿ ಥೇಟ್ ತಾಯಿಯದೇ.

ಒಂದು ಶನಿವಾರ ಕೇಂದ್ರದ ಟ್ಯಾಬ್ ಕೇಳಿ ಮನೆಗೆ ಒಯ್ದಳು. ಸೋಮವಾರ ಅದನ್ನು ಎದೆಗವಚಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ಕಣ್ಣು ಊದಿಕೊಂಡಿದ್ದವು.

‘ನಾಳಿಂದ ಬರಂಗಿಲ್ಲ ಸರ್,’ ಎಂದಳು.

ಎಳೆದೆಳೆದು ಕೇಳಿದ ಮೇಲೆ ಆದದ್ದು ಹೊರಗೆ ಬಂತು. ತಾಯಿಯ ತೊಡೆಯ ಮೇಲೆ ಟ್ಯಾಬ್ ಇಟ್ಟಿದ್ದಳು. ಹುಲುಗಮ್ಮ ಬಹಳ ಹೊತ್ತು ನೋಡಿ ಎಡಗೈಯಿಂದ ಕೊಡ ಮುಟ್ಟಿದಳು. ನೀರು ಕೊಟ್ಟರು, ಕುಡಿದಳು. ಕ್ರಾಂತಿಗೆ ಕುಣಿಯುವಷ್ಟು ಖುಷಿ. ಮಂಜಮ್ಮ, ‘ತೊಟ್ಟಿಲ ಕೂಸೂ ಬಣ್ಣ ಕಂಡ್ರ ಮುಟ್ಟತೈತಿ, ಅದರಾಗೇನೈತಿ,’ ಎಂದಳು. ಆಗ ಭೀಮರಾಜ ಮುಂದೆ ಬಂದು ಮಂಡಿಯೂರಿ ಕೂತು, ‘ಹುಲುಗೀ, ನಾನು ಯಾರು? ಇದರಾಗ ತೋರ್ಸು ನೋಡಾಣ,’ ಎಂದ. ಹುಲುಗಮ್ಮ ಅವನ ಚಿತ್ರ ಮುಟ್ಟಿದಳು. ಚಿತ್ರ ನಡೆಯಿತು, ಧ್ವನಿ ‘ಭೀಮರಾಜ’ ಎಂದಿತು. ಕಾದ ಹಂಚು ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ಇನ್ನೊಮ್ಮೆ ಮುಟ್ಟು ಎಂದರೆ ಮುಟ್ಟಲಿಲ್ಲ. ಮಂಜಮ್ಮ ಅವಳ ಕೈ ಹಿಡಿದು ಮುಟ್ಟಿಸಲು ಹೋದರೆ ಮುಷ್ಟಿ ಕಟ್ಟಿದಳು. ಟ್ಯಾಬನ್ನು ತೊಡೆಯಿಂದ ನೂಕಿ, ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದಳು.

‘ಮೊದಲು ಮುಟ್ಟಿದ್ದೂ ಬಣ್ಣ ಕಂಡು. ಗಂಡನ್ನೂ ಮರೆತಾಳ, ಮುಗೀತು,’ ಎಂದಳಂತೆ ಮಂಜಮ್ಮ. ಭೀಮರಾಜ ಎದ್ದು ನೀರು ಬಿಡಲು ಹೋದ. ಟ್ಯಾಂಕು ತುಂಬಿ ಹರಿದು ಓಣಿಯೆಲ್ಲ ಕೆಸರಾದರೂ ವಾಲ್ವು ತಿರುಗಿಸುವುದು ಅವನಿಗೆ ನೆನಪಾಗಲಿಲ್ಲ. ಮನೆಗೆ ಬಂದು ಮಗಳಿಗೆ ಹೇಳಿದ, ಕೋರ್ಸು ಸಾಕು.

ನಾನು ಟ್ಯಾಬನ್ನು ಮತ್ತೆ ಅವಳ ಕಡೆಗೇ ಸರಿಸಿದೆ. ಅಷ್ಟರಲ್ಲಿ ಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದ ಕೊಟ್ರಬಸಮ್ಮ ಈ ಕಡೆ ತಿರುಗಿದಳು. ಹಡಗಲಿ ತಾಲ್ಲೂಕಿನ ಇಟ್ಟಿಗಿಯವಳು, ಕುರಿ ಸಾಕುವ ಮನೆಯ ಸೊಸೆ. ಕುರಿ ಮಾರುವವರಿಗಾಗಿ ಒಂದು ಪುಟ ಮಾಡುತ್ತಿದ್ದಳು. ಯಾವಾಗಲೂ ಕೆಲಸದಿಂದ ಕಣ್ಣು ತೆಗೆಯದವಳು, ಸಹಜವಾಗಿ ಅಂದಳು:

‘ನಾನಾದ್ರೂ ಒತ್ತತಿದ್ದಿಲ್ಲ ಬಿಡು.’

‘ಯಾಕ?’ ಎಂದಳು ಕ್ರಾಂತಿ.

‘ಒತ್ತಿದ್ರ ಹೆಸರು ಹೇಳತೈತಲ್ಲ. ಗಂಡನ ಹೆಸರು ನಾನು ಹೇಳಿದಂಗ ಆತಲ್ಲ.’

ನನ್ನ ತಲೆಗೆ ಇದು ಹೊಳೆದಿರಲಿಲ್ಲ. ಕ್ರಾಂತಿ ಮಾತ್ರ ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು. ಆಮೇಲೆ ಅವಳು ಹೇಳಿದ್ದು ಇದು. ಅಪ್ಪ ಅವ್ವನ ಜಗಳ ಮನೆಯಲ್ಲಿ ಬಹಳ ಹಳೆಯದು. ಗಂಡ ಹೆಂಡತಿ ಸಮಾನರು, ನಾನು ನಿನ್ನ ಹೆಸರು ಹಿಡಿದು ಕರೆದ ಮೇಲೆ ನೀನೂ ನನ್ನ ಹೆಸರು ಹಿಡಿದು ಕರಿ ಎಂದು ಭೀಮರಾಜ ಮದುವೆಯಾದಾಗಿನಿಂದ ಗಂಟುಬಿದ್ದಿದ್ದ. ಜಗತ್ತಿಗೆಲ್ಲ ಎದುರು ಮಾತಾಡುವ ಹುಲುಗಮ್ಮ ಅದೊಂದನ್ನು ಮಾತ್ರ ಆಡಲಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೂ ಪಕ್ಕದವರ ಕಡೆ ತೋರಿಸಿ, ‘ಇವ್ರು ಹೇಳ್ತಾರ’ ಎನ್ನುತ್ತಿದ್ದಳು. ‘ಹೆಂಡ್ತಿ ಹೆಸರು ಹಿಡಿದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ. ನಿಮ್ಮ ಸಮಾನ ನಿಮ್ಮ ಕಡಿ ಇಟ್ಕೊಳ್ರಿ, ನೀವು ಬದುಕಿದ್ರ ಸಾಕು ನನಗ,’ ಎನ್ನುತ್ತಿದ್ದಳು. ಅವನನ್ನು ಕರೆಯಲು ಅವಳಿಗಿದ್ದದ್ದು ಒಂದೇ ಮಾತು: ಕೇಳಿದ್ರೇನು.

ನಾನು ದೇವರು ದಿಂಡರೆಂದು ಕೈ ಮುಗಿಯುವವನಲ್ಲ. ಆ ಹೊತ್ತು ಮಾತ್ರ ಮೈಮೇಲಿನ ಕೂದಲು ನಿಂತವು. ಮಾತು ಹೋಗಿದೆ, ಅರ್ಧ ಮೈ ಹೋಗಿದೆ, ಮನೆಯವರ ನಂಬಿಕೆ ಹೋಗಿದೆ. ಆ ಹೆಣ್ಣುಮಗಳು ಇಷ್ಟೆಲ್ಲದರ ನಡುವೆ ಗಂಡನ ಆಯುಷ್ಯ ಕಾಯುತ್ತ ಕೂತಿದ್ದಾಳೆ. ಯಂತ್ರದ ಬಾಯಿಂದ ಬಂದರೂ ಅದು ತನ್ನ ಮಾತೇ ಎಂದು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವಳೂ ಅವಳೇ. ಇಂಟರ್‌ಆಕ್ಟಿವ್ ಎಂಬ ಪದವನ್ನು ನಾನು ಎಷ್ಟೋ ಬ್ಯಾಚುಗಳಿಗೆ ಬೋರ್ಡಿನ ಮೇಲೆ ಬರೆದು ವಿವರಿಸಿದ್ದೇನೆ. ಅದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರನ್ನು ಕಂಡಿರಲಿಲ್ಲ. ಅವಳು ಮತ್ತೆ ಮುಟ್ಟಲಿಲ್ಲ ಎನ್ನುವುದನ್ನೇ ಮನೆಯವರು ಬುದ್ಧಿ ಹೋಗಿದ್ದಕ್ಕೆ ಸಾಕ್ಷಿ ಮಾಡಿಕೊಂಡಿದ್ದರು.

ಕ್ರಾಂತಿ ಟ್ಯಾಬ್ ಎತ್ತಿಕೊಂಡು ತನ್ನ ಜಾಗಕ್ಕೆ ಹೋದಳು. ಕೆಲಸ ಸಣ್ಣದು. ಚಿತ್ರ ಅದೇ ಇರುತ್ತದೆ, ಅದರ ಹಿಂದಿನ ಒಂದು ಧ್ವನಿ ತೆಗೆದು ಇನ್ನೊಂದು ಹಾಕಬೇಕು. ಕೊಟ್ರಬಸಮ್ಮ ಎದ್ದು ಫ್ಯಾನ್ ಆರಿಸಿದಳು. ನಾನು ಕಿಟಕಿ ಮುಚ್ಚಿದೆ. ಕ್ರಾಂತಿ ಮೈಕು ಬಾಯಿಗೆ ಹಿಡಿದು, ಕಣ್ಣು ಮುಚ್ಚಿ, ತಾಯಿ ಎಳೆಯುವ ಹಾಗೆ ಕೊನೆಯನ್ನು ಸ್ವಲ್ಪ ಎಳೆದು ಹೇಳಿದಳು. ಒಂದೇ ಸಲಕ್ಕೆ ಸರಿಹೋಯಿತು.

ಹಂಪಸಾಗರದ ಬಸ್ಸಿಗೆ ನಾನೂ ಹತ್ತಿದೆ. ಮಾಸ್ತರರಾಗಿ ಹೋದೆ ಎಂದರೆ ಸುಳ್ಳಾಗುತ್ತದೆ, ನೋಡದೆ ಇರಲು ಆಗಲಿಲ್ಲ ಅದಕ್ಕೆ ಹೋದೆ. ದಾರಿಯುದ್ದಕ್ಕೂ ನನಗೆ ಅಂಜಿಕೆ. ಕೊಟ್ರಬಸಮ್ಮ ಹೇಳಿದ್ದು ಬರೀ ಊಹೆಯಾಗಿದ್ದರೆ, ಹುಲುಗಮ್ಮ ನಿಜಕ್ಕೂ ಏನೂ ತಿಳಿಯದವಳಾಗಿದ್ದರೆ, ಈ ಹುಡುಗಿಯನ್ನು ಇನ್ನೊಂದು ಸಲ ಸಮಾಧಾನ ಮಾಡುವ ಶಕ್ತಿ ಯಾರಿಗೂ ಇರಲಿಲ್ಲ.

ಮನೆಯ ಮುಂದೆ ಭೀಮರಾಜ ಬೆನ್ನು ಹಾಕಿ ನಿಂತು ಕೊಡದಿಂದ ಡ್ರಮ್ಮಿಗೆ ನೀರು ಸುರಿಯುತ್ತಿದ್ದ. ನನಗೆ ಬರ್ರಿ ಸರ್ ಎಂದು ಮತ್ತೆ ಆ ಕಡೆ ತಿರುಗಿದ. ಒಳಗೆ ಮಂಜಮ್ಮ ತನ್ನ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹುಲುಗಮ್ಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಕಣ್ಣು ಆ ದಿನ ಮೆಟ್ಟಿಲು ಹತ್ತಿ ಬಂದವಳದೇ.

ಕ್ರಾಂತಿ ತಾಯಿಯ ಪಕ್ಕ ಕೂತಳು. ‘ಅವ್ವಾ, ತಪ್ಪು ನಂದು. ಈಗ ಅದು ಹೆಸರು ಹೇಳಂಗಿಲ್ಲ. ನೀನು ಕರೀತಿದ್ದಿ ನೋಡು, ಹಂಗ ಕರೀತೈತಿ,’ ಎಂದಳು.

ಹುಲುಗಮ್ಮ ಮಗಳ ಮುಖ ನೋಡಿದಳು. ಚಿತ್ರ ನೋಡಿದಳು. ಎಡಗೈಯ ಬೆರಳು ಮುಂದೆ ಬಂದು, ಅರ್ಧದಲ್ಲಿ ನಿಂತು, ಮತ್ತೆ ಮುಂದೆ ಬಂತು. ಮುಟ್ಟಿದಳು.

‘ಕೇಳಿದ್ರೇನು?’

‘ಹ್ಞಾ, ಬಂದೆ,’ ಎಂದ ಹೊರಗಿನಿಂದ ಭೀಮರಾಜ. ಅಭ್ಯಾಸಬಲದಿಂದ ಬಂದ ಮಾತು ಅದು. ಹೇಳಿದ ಮೇಲೆ ಅವನಿಗೆ ಅರಿವಾಯಿತು. ಹೊರಗೆ ಕೊಡ ಕೈಜಾರಿ ಬಿದ್ದ ಸದ್ದು ಕೇಳಿತು. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತ, ಒಳಗೆ ಬರುವ ಧೈರ್ಯವಾಗದವನ ಹಾಗೆ.

ಕ್ರಾಂತಿ ಅಪ್ಪನಿಗೆ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅಳುತ್ತಿದ್ದಳು. ಅಷ್ಟು ಉದ್ದ ಅವಳು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಭೀಮರಾಜ ಹೊಸ್ತಿಲ ಮೇಲೆ ಕುಸಿದು ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ‘ನನ್ನ ಆಯುಷ್ಯ ತಗೊಂಡು ಏನ್ಮಾಡ್ಲಿ ಹುಲುಗಿ,’ ಎನ್ನುತ್ತಿದ್ದ. ನನ್ನ ಕಣ್ಣಲ್ಲೂ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಮಂಜಮ್ಮನ ಕೈಯಲ್ಲಿದ್ದ ಸೀರೆ ಹಾಗೇ ಉಳಿಯಿತು. ‘ಹಂಗಾರ ಇಷ್ಟು ದಿನ ನಾವು ಆಡಿದ್ದೆಲ್ಲಾ ಕೇಳಿಸ್ಕೊಂಡಾಳೇನು?’ ಎಂದು ಮೆಲ್ಲಗೆ ಕೇಳಿದಳು.  ಹುಲುಗಮ್ಮ ಅವಳನ್ನೇ ನೋಡುತ್ತಿದ್ದಳು, ಸಿಟ್ಟಿಲ್ಲದೆ. ಮಂಜಮ್ಮನದೂ ದೊಡ್ಡ ಮನಸ್ಸೇ ಇರಬೇಕು. ಸೀರೆ ಕೆಳಗಿಟ್ಟು ಬಂದು, ಲಕ್ವ ಹೊಡೆದ ಮೇಲೆ ಮೊದಲ ಸಲ ತಮ್ಮನ ಬದಲು ತಮ್ಮನ ಹೆಂಡತಿಯನ್ನೇ ಕೇಳಿದಳು:

‘ಹುಲುಗಮ್ಮಾ, ಶೇಂಗಾ ಕೀಳಾಕ ನಾನು ಹೋಗಬೇಕಾಗೈತಿ. ಕ್ರಾಂತಿ ಕೋರ್ಸು ಬಿಟ್ಟು ಮನ್ಯಾಗ ಇರ್ಲೇನು?’

ಹುಲುಗಮ್ಮ ಅಲ್ಲಾಡುವ ಅಂಗೈಯನ್ನು ಹುಡುಕಿದಳು. ‘ಬ್ಯಾಡ,’ ಎಂದಿತು ಪರದೆ. ಕೇಳಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದಳು. ‘ಬ್ಯಾಡ.’

‘ಹಂಗಾರ ನಿನ್ನ ನೋಡಿಕೊಳ್ಳೋರು ಯಾರು?’

ಬೆರಳು ಪರದೆಯ ಮೇಲೆ ಸ್ವಲ್ಪ ಹೊತ್ತು ತಿರುಗಾಡಿತು. ನೀರಿನ ಕೊಡ ದಾಟಿತು, ರೊಟ್ಟಿ ದಾಟಿತು, ಕೀಲಿ ಹಿಡಿದವನ ಮೇಲೆ ಬಂದು ನಿಂತಿತು. ಈ ಸಲ ಅಳುಕದೆ ಒತ್ತಿದಳು.

‘ಕೇಳಿದ್ರೇನು?’

ಭೀಮರಾಜ ಮುಖದಿಂದ ಟವೆಲ್ಲು ತೆಗೆದ.

‘ಕೇಳಿದೆ,’ ಎಂದ.

ಮರುದಿನ ಕ್ರಾಂತಿ ಮೊದಲನೇ ಬಸ್ಸಿಗೇ ಬಂದು, ನಾನು ಕೇಂದ್ರದ ಬಾಗಿಲು ತೆಗೆಯುವುದನ್ನು ಕಾಯುತ್ತ ಮೆಟ್ಟಿಲ ಮೇಲೆ ಕೂತಿದ್ದಳು.